ಥೀಮ್ ಪಾರ್ಕಿಗೆ ಕಾಲಿಗೇನು ಹಾಕಿಕೊಳ್ಳಲಿ? ಪದೇ ಪದೇ ಕೇಳುವ ಪ್ರಶ್ನೆಗಳು

ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಮನೆ ಮಾಡಿಕೊಂಡಿರುವ ಕನ್ನಡಿಗರಿಗೆ, ಊರಿನಿಂದ ಬಂದ ಅಪ್ಪ ಅಮ್ಮಂದಿರನ್ನೋ ಅಕ್ಕನ ಮಕ್ಕಳನ್ನೋ ಅನಹೈಮ್‌ನ ಡಿಸ್ನಿಲ್ಯಾಂಡಿಗೆ ಕರೆದೊಯ್ಯುವ ಕೆಲಸ ವರ್ಷಕ್ಕೊಮ್ಮೆಯಾದರೂ ಬಂದೇ ಬರುತ್ತದೆ. ಟಿಕೆಟ್ಟು, ಊಟ, ಬಿಸಿಲು ಇವುಗಳ ಬಗ್ಗೆ ಎಲ್ಲರೂ ಮೊದಲೇ ವಿಚಾರಿಸಿಕೊಳ್ಳುತ್ತಾರೆ. ಕಾಲಿಗೆ ಏನು ಹಾಕಿಕೊಳ್ಳಬೇಕೆಂಬುದು ಮಾತ್ರ ಮಧ್ಯಾಹ್ನ ಎರಡು ಗಂಟೆಗೆ, ಬೆಂಚಿನ ಮೇಲೆ ಕುಳಿತು ಚಪ್ಪಲಿ ಕಳಚಿದಾಗ ನೆನಪಾಗುವ ವಿಷಯ. ಮನೆಗೆ ಬಂದವರು ಕೇಳಿದ, ಊರಿನಿಂದ ಬರೆದು ಕೇಳಿದ, ಬಿಡದಿಯ ವಂಡರ್‌ಲಾಕ್ಕೆ ಹೊರಟವರು ಫೋನಿನಲ್ಲಿ ಕೇಳಿದ ಪ್ರಶ್ನೆಗಳನ್ನು ಅವರವರ ಮಾತಿನಲ್ಲೇ ಇಲ್ಲಿ ಒಟ್ಟು ಮಾಡಿದ್ದೇನೆ. ಸರಳವಾದವು ಮೊದಲು ಬಂದಿವೆ, ಸ್ವಲ್ಪ ಬಿಡಿಸಿ ಹೇಳಬೇಕಾದವು ಕೊನೆಗೆ.

## ಹೊರಡುವ ಮುನ್ನ

ಒಂದೇ ದಿನಕ್ಕೆ ನಿಜವಾಗಿಯೂ ಅಷ್ಟೊಂದು ನಡೆಯಬೇಕಾ, ಇಲ್ಲ ಸುಮ್ಮನೆ ಹೆದರಿಸುತ್ತೀರಾ?

ನಿಜವಾಗಿಯೂ ನಡೆಯಬೇಕು. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಒಳಗೆ ಹೋಗಿ ರಾತ್ರಿ ಬಾಣಬಿರುಸು ನೋಡಿಕೊಂಡು ಹೊರಬಂದ ದಿನಗಳಲ್ಲಿ ನನ್ನ ಕೈಗಡಿಯಾರ ಇಪ್ಪತ್ತು ಸಾವಿರ ಹೆಜ್ಜೆಗಿಂತ ಕಡಿಮೆ ತೋರಿಸಿದ ನೆನಪಿಲ್ಲ. ಹೆಜ್ಜೆಗೆ ಎರಡೇ ಅಡಿ ಎಂದು ಹಿಡಿದರೂ ಅದು 12 ಕಿಲೋಮೀಟರ್. ಮೆಜೆಸ್ಟಿಕ್‌ನಿಂದ ಹೊರಟು ಮೈಸೂರು ರಸ್ತೆಯಲ್ಲಿ ಕೆಂಗೇರಿಯ ಸಮೀಪಕ್ಕೆ ಹೋದಷ್ಟು ದೂರ. ಆ ದೂರವೆಲ್ಲ ಕಾಂಕ್ರೀಟು, ಡಾಂಬರು, ಇಟ್ಟಿಗೆ ಹಾಸಿನ ಮೇಲೆಯೇ ಸಾಗುತ್ತದೆ, ಮಣ್ಣಿನ ನೆಲ ಕಾಲಿಗೆ ಸಿಗುವುದೇ ಇಲ್ಲ. ಹೊಲದಲ್ಲಿ ದಿನವಿಡೀ ನಡೆದು ಅಭ್ಯಾಸವಿರುವ ಹಿರಿಯರು ಕೂಡ ಇಲ್ಲಿ ಸಂಜೆಗೆ ಸೋಲುವುದು ಈ ಕಾರಣಕ್ಕೇ.

ಅಮೆರಿಕಕ್ಕೆ ಅಂತಲೇ ಹೊಸ ಶೂ ತಗೊಂಡಿದ್ದೇನೆ. ಅದನ್ನೇ ಹಾಕಿಕೊಳ್ಳಲಾ?

ಬೇಡ. ಹೊಸ ಮೆಟ್ಟು ಕಾಲಿಗೆ 'ಕಚ್ಚುತ್ತದೆ' ಎನ್ನುವುದು ನಮ್ಮಲ್ಲಿ ಮಕ್ಕಳಿಗೂ ಗೊತ್ತಿರುವ ಮಾತು, ಆದರೂ ಪ್ರವಾಸ ಬಂತೆಂದರೆ ಎಲ್ಲರೂ ಅದನ್ನು ಮರೆತುಬಿಡುತ್ತಾರೆ. ನಾನೂ ಮರೆತಿದ್ದೆ. ಮೊದಲ ಸಲ ಹೋದಾಗ ಹೊಳೆಯುವ ಚರ್ಮದ ಶೂ ತೊಟ್ಟು ಹೊರಟವನು ಹನ್ನೊಂದು ಗಂಟೆಗೆ ಎಡ ಹಿಮ್ಮಡಿಯ ಹಿಂದೆ ಕಾಗದದ ಕರವಸ್ತ್ರ ಮಡಚಿ ತುರುಕಿಕೊಂಡಿದ್ದೆ. ಮಧ್ಯಾಹ್ನದ ಹೊತ್ತಿಗೆ ಶೂವಿನ ಹಿಂಬದಿಯನ್ನು ತುಳಿದು ಚಪ್ಪಲಿಯಂತೆ ಎಳೆದುಕೊಂಡು ನಡೆಯುತ್ತಿದ್ದೆ. ಕನಿಷ್ಠ ಎರಡು ವಾರ ಮನೆಯ ಸುತ್ತಮುತ್ತ ಬಳಸಿ, ಪಾರ್ಕಿಗೆ ತೊಡಲಿರುವ ಅದೇ ಕಾಲುಚೀಲದ ಜೊತೆ ಒಮ್ಮೆಯಾದರೂ ಎರಡು ಗಂಟೆ ಬಿಡದೆ ನಡೆದು ನೋಡಿದ ಶೂ ಮಾತ್ರ ಈ ಕೆಲಸಕ್ಕೆ ತಕ್ಕದ್ದು. ಅಷ್ಟು ಸಮಯವಿಲ್ಲದಿದ್ದರೆ ಹಳೆಯದನ್ನೇ ಒರೆಸಿ ಹಾಕಿಕೊಳ್ಳಿ. ಫೋಟೋದಲ್ಲಿ ಪಾದ ಹೇಗೂ ಅರ್ಧ ಕತ್ತರಿಸಿಹೋಗಿರುತ್ತದೆ.

ಹವಾಯಿ ಚಪ್ಪಲಿ ಸಾಲದೇ? ನಾವು ಜೀವಮಾನವೆಲ್ಲ ಅದರಲ್ಲೇ ಓಡಾಡಿದವರು.

ಓಡಾಡಿದ್ದು ನಿಜ, ಆದರೆ ಅಂಗಡಿಗೆ ಹೋಗಿ ಬರುವುದೂ ಹತ್ತು ಹನ್ನೆರಡು ಗಂಟೆ ನೆಲದ ಮೇಲಿರುವುದೂ ಒಂದೇ ಅಲ್ಲ. ಹಿಂದೆ ಪಟ್ಟಿಯಿಲ್ಲದ ಚಪ್ಪಲಿ ಜಾರಿಹೋಗದಂತೆ ಪ್ರತಿ ಹೆಜ್ಜೆಗೂ ಕಾಲ್ಬೆರಳುಗಳು ಅದನ್ನು ಹಿಡಿದುಕೊಳ್ಳುತ್ತವೆ. ನಮಗೆ ಅರಿವಾಗದೆ ನಡೆಯುವ ಈ ಹಿಡಿತ ಸಾವಿರಾರು ಬಾರಿ ಆದಾಗ ಅಂಗಾಲೂ ಮೊಣಕಾಲಿನ ಕೆಳಗಿನ ಸ್ನಾಯುಗಳೂ ದಣಿಯುತ್ತವೆ. ಜನದಟ್ಟಣೆಯಲ್ಲಿ ಹಿಂದಿನವರು ಚಪ್ಪಲಿಯ ಹಿಂಬದಿ ತುಳಿದರೆ ಬಾರು ಕಿತ್ತುಬರುತ್ತದೆ. ಊರಿನಲ್ಲಾದರೆ ಅಡಿಯಿಂದ ಒಂದು ಸೇಫ್ಟಿ ಪಿನ್ ಚುಚ್ಚಿ ಮನೆ ಸೇರಬಹುದು, ಅಥವಾ ಬಸ್ ನಿಲ್ದಾಣದ ಬಳಿ ಚಮ್ಮಾರರು ಸಿಗುತ್ತಾರೆ. ಪಾರ್ಕಿನೊಳಗೆ ಆ ಸೌಕರ್ಯವಿಲ್ಲ. ಹವಾಯಿಯನ್ನು ಚೀಲದಲ್ಲಿಟ್ಟುಕೊಳ್ಳಿ, ನೀರಿನ ಸವಾರಿಯ ನಂತರ ಶೂ ಒಣಗುವವರೆಗೆ ಅದರ ಉಪಯೋಗವಿದೆ.

ಕೊಲ್ಹಾಪುರಿ ಚಪ್ಪಲಿ ಹಾಕಿಕೊಂಡರೆ ಅಂದವಾಗಿರುತ್ತದೆ, ಗಾಳಿಯೂ ಆಡುತ್ತದೆ ಅಲ್ಲವೇ?

ಅಂದದ ಮಾತಿಗೆ ನನ್ನ ತಕರಾರಿಲ್ಲ. ಹೆಸರು ಕೊಲ್ಹಾಪುರದ್ದಾದರೂ ಅಥಣಿಯ ಕಡೆಯ ಕುಶಲಿಗರ ಕೈಕೆಲಸ ಅದರಲ್ಲಿ ಎಷ್ಟಿದೆಯೆಂಬುದಕ್ಕೆ 2019ರಲ್ಲಿ ದೊರೆತ ಭೌಗೋಳಿಕ ಗುರುತಿನಲ್ಲಿ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಸೇರಿರುವುದೇ ಸಾಕ್ಷಿ. ಎಣ್ಣೆ ಹಚ್ಚಿ ಹಚ್ಚಿ ಹದಗೊಂಡ ಹಳೆಯ ಜೋಡಿ ಕಾಲಿನ ಆಕಾರವನ್ನೇ ಪಡೆದಿರುತ್ತದೆ. ಆದರೆ ಅದರ ಅಟ್ಟೆ ಚಪ್ಪಟೆಯಾದ ಚರ್ಮ. ಕಾಂಕ್ರೀಟಿನ ಪೆಟ್ಟನ್ನು ಅದು ತಡೆಯುವುದಿಲ್ಲ, ಒದ್ದೆಯಾದ ನೆಲದಲ್ಲಿ ಜಾರುತ್ತದೆ, ನೆನೆದು ಒಣಗಿದರೆ ಬಿರುಸಾಗುತ್ತದೆ. ಅರ್ಧ ದಿನದ ಭೇಟಿಗೆ, ನೀರಿನ ಸವಾರಿ ಬಿಟ್ಟು, ಸರಿಹೋಗಬಹುದು.

ಅಮ್ಮ ಸೀರೆಗೆ ಶೂ ಹಾಕಲು ಒಪ್ಪುವುದಿಲ್ಲ. ಕಾಲುಂಗುರ ಬೇರೆ ಇದೆ. ಏನು ಮಾಡಲಿ?

ಎಲ್ಲಕ್ಕಿಂತ ಹೆಚ್ಚು ಬಾರಿ ಬರುವ ಪ್ರಶ್ನೆ ಇದು. ಇದಕ್ಕೆ ಉತ್ತರ ಕೊಡುವ ಯಾವ ಇಂಗ್ಲಿಷ್ ಮಾರ್ಗದರ್ಶಿಯೂ ನನ್ನ ಕಣ್ಣಿಗೆ ಬಿದ್ದಿಲ್ಲ. ತುದಿ ಕಿರಿದಾದ ಶೂವಿನಲ್ಲಿ ಕಾಲುಂಗುರ ಪಕ್ಕದ ಬೆರಳಿಗೆ ಒತ್ತಿ ಉಜ್ಜುತ್ತದೆ, ಸಂಜೆ ಪಾದ ಊದಿಕೊಂಡಾಗ ಬೆರಳನ್ನೂ ಬಿಗಿಯುತ್ತದೆ. ತೆಗೆಯಿರಿ ಎಂದು ಹೇಳುವುದು ಸುಲಭ, ಹೇಳಿಸಿಕೊಂಡವರಿಗೆ ಅದು ಸುಲಭವಲ್ಲ. ನಮ್ಮ ಅತ್ತೆಯವರು ಖಡಾಖಂಡಿತವಾಗಿ ತೆಗೆಯುವುದಿಲ್ಲ ಎಂದಾಗ, ಉಂಗುರದ ಅಡಿಭಾಗಕ್ಕೆ ಔಷಧಿ ಅಂಗಡಿಯ ಮೆದುವಾದ ಬಟ್ಟೆಯ ಟೇಪನ್ನು ಎರಡು ಸುತ್ತು ಸುತ್ತಿ, ಮುಂಭಾಗ ಅಗಲವಾಗಿರುವ, ಅರ್ಧ ಅಳತೆ ದೊಡ್ಡದಾದ, ಮೇಲ್ಭಾಗ ಬಲೆಬಟ್ಟೆಯದಾದ ಶೂ ಕೊಡಿಸಿದೆವು. ಉಂಗುರ ಬಾಯ್ದೆರೆದ ಮಾದರಿಯದಾಗಿದ್ದುದರಿಂದ ಸ್ವಲ್ಪ ಸಡಿಲಿಸಲೂ ಬಂತು. ಇಳಕಲ್ ಸೀರೆಯ ಕೆಳಗೆ ಬೂದು ಬಣ್ಣದ ಶೂ ಕಂಡು ಮೊದಲ ಒಂದು ಗಂಟೆ ಅವರು ಕಾಲನ್ನು ಮರೆಮಾಡಿಕೊಂಡೇ ಕುಳಿತಿದ್ದರು. ಸುತ್ತಲಿನವರು ಯಾರೂ ನೋಡುತ್ತಿಲ್ಲವೆಂದು ತಿಳಿದ ಮೇಲೆ ನಮಗಿಂತ ಮುಂದೆ ನಡೆಯತೊಡಗಿದರು. ಈಗ ದಾವಣಗೆರೆಯಲ್ಲಿ ಬೆಳಗಿನ ವಾಕಿಂಗಿಗೂ ಅದೇ ಶೂ.

ಶೂ ಬೇಡವೇ ಬೇಡ ಎನ್ನುವವರಿಗೆ ಹಿಮ್ಮಡಿಯ ಹಿಂದೆ ಪಟ್ಟಿಯಿರುವ, ಬೆರಳು ತೆರೆದ, ರಬ್ಬರ್ ಅಟ್ಟೆಯ ಸ್ಯಾಂಡಲ್ ಒಳ್ಳೆಯದು. ಸೀರೆಯನ್ನು ಎರಡು ಬೆರಳು ಮೇಲಕ್ಕೆ ಉಟ್ಟರೆ ಎಸ್ಕಲೇಟರಿನ ಭಯವೂ ಇರುವುದಿಲ್ಲ.

## ಕಾಲ ಬದಲಾದಂತೆ ಕಾಲಿನ ತೊಡುಗೆ

ಡಿಸ್ನಿಲ್ಯಾಂಡಿನ ಹಳೆಯ ಫೋಟೋಗಳಲ್ಲಿ ಹೆಂಗಸರು ಹೈ ಹೀಲ್ಸ್, ಗಂಡಸರು ಸೂಟು ಬೂಟು. ನಿಜವಾಗಿಯೂ ಹಾಗೇ ಬರುತ್ತಿದ್ದರಾ?

ಬಹುಮಟ್ಟಿಗೆ ಹೌದು. ಡಿಸ್ನಿಲ್ಯಾಂಡ್ ತೆರೆದ 1955ರ ಅಮೆರಿಕದಲ್ಲಿ ಕುಟುಂಬ ಸಮೇತ ಹೊರಗೆ ಹೋಗುವುದೆಂದರೆ ಭಾನುವಾರದ ಚರ್ಚಿಗೆ ಹೋಗುವಂತೆ ಅಣಿಯಾಗುವುದಾಗಿತ್ತು. ಗಂಡಸರಿಗೆ ಹೊಳಪು ಹಚ್ಚಿದ ಚರ್ಮದ ಶೂ, ಹೆಂಗಸರಿಗೆ ಹಿಮ್ಮಡಿಯೆತ್ತರದ ಶೂ, ಕೆಲವರ ಕೈಗೆ ಗ್ಲೌಸು. ಕ್ಯಾನ್‌ವಾಸ್ ಶೂ ಆಟದ ಮೈದಾನಕ್ಕೂ ಮಕ್ಕಳಿಗೂ ಸೇರಿದ ವಸ್ತುವೆಂದು ಎಣಿಸಲಾಗುತ್ತಿತ್ತು. ನಮ್ಮ ಅಜ್ಜಂದಿರು ಮೈಸೂರಿನ ದಸರಾ ವಸ್ತುಪ್ರದರ್ಶನಕ್ಕೆ ಕೋಟು ಪೇಟ ಧರಿಸಿ ಹೋಗುತ್ತಿದ್ದರಲ್ಲ, ಆ ಮನೋಭಾವವೇ ಇಲ್ಲಿಯೂ ಇದ್ದದ್ದು. ಡಿಸ್ನಿಲ್ಯಾಂಡಿನ ಮೇನ್ ಸ್ಟ್ರೀಟ್‌ನಲ್ಲಿ ಆರಂಭದಲ್ಲಿ ಮಕ್ಕಳ ಶೂ ಮಾರುವ ಬ್ಲೂ ಬರ್ಡ್ ಎಂಬ ಅಂಗಡಿಯೇ ಇತ್ತು.

ಒಂದು ಎಚ್ಚರಿಕೆಯ ಮಾತು. ಪದೇ ಪದೇ ಮುದ್ರಣಗೊಳ್ಳುವ ಚಿತ್ರಗಳಲ್ಲಿ ಅನೇಕವು ಉದ್ಘಾಟನೆಯ ದಿನದವು. ಅಂದು ಆಹ್ವಾನವಿದ್ದದ್ದು ಪತ್ರಕರ್ತರು, ಚಿತ್ರತಾರೆಯರು ಮೊದಲಾದವರಿಗೆ. ಸಾಧಾರಣ ದಿನಗಳ ಮನೆಮಂದಿಯ ಚಿತ್ರಗಳನ್ನು ಗಮನವಿಟ್ಟು ನೋಡಿದರೆ ಹದಿಹರೆಯದ ಹುಡುಗಿಯರ ಕಾಲಲ್ಲಿ ಎರಡು ಬಣ್ಣದ ಸ್ಯಾಡಲ್ ಶೂ, ತಾಯಂದಿರ ಕಾಲಲ್ಲಿ ಚಪ್ಪಟೆ ಲೋಫರ್ ಕೂಡ ಕಾಣಸಿಗುತ್ತವೆ. ಅನುಕೂಲವನ್ನು ಆ ಕಾಲದವರು ಅರಿತಿರಲಿಲ್ಲವೆಂದಲ್ಲ, ಅದನ್ನು ಬಹಿರಂಗವಾಗಿ ತೋರಿಸಿಕೊಳ್ಳುವ ರೂಢಿ ಇರಲಿಲ್ಲ.

ಆ ಉದ್ಘಾಟನೆಯ ದಿನ ಡಾಂಬರಿನಲ್ಲಿ ಹೀಲ್ಸ್ ಹೂತುಹೋದವಂತೆ. ಕಟ್ಟುಕತೆಯೋ, ನಿಜವೋ?

ನಿಜ. ಕಿತ್ತಳೆ ತೋಟವಿದ್ದ ಜಾಗದಲ್ಲಿ ಒಂದೇ ವರ್ಷದಲ್ಲಿ ಕಟ್ಟಿದ ಪಾರ್ಕನ್ನು 1955ರ ಜುಲೈ 17ರ ಭಾನುವಾರ ನೇರ ಟಿ.ವಿ. ಪ್ರಸಾರದೊಂದಿಗೆ ತೆರೆಯಲಾಯಿತು. ಅವಸರದಲ್ಲಿ ಕಡೆಯ ಗಳಿಗೆಯವರೆಗೂ ಡಾಂಬರು ಹಾಕುತ್ತಲೇ ಇದ್ದರು. ಅಂದಿನ ಬಿಸಿಲು ಸುಮಾರು 38 ಡಿಗ್ರಿ ಸೆಲ್ಸಿಯಸ್. ಆರದ ಡಾಂಬರು ಮೆತ್ತಗಾಗಿ ಹೆಂಗಸರ ಹೀಲ್ಸ್ ಅದರೊಳಗೆ ಇಳಿದವು.

ಇಳಿಯದೆ ಇನ್ನೇನಾಗಬೇಕು, ಲೆಕ್ಕ ಹಾಕಿ ನೋಡಿ. ಅರವತ್ತು ಕೆ.ಜಿ. ತೂಕದ ಹೆಂಗಸಿನ ಅರ್ಧ ಭಾರ ಒಂದು ಚದರ ಸೆಂಟಿಮೀಟರಿನ ಹೀಲ್ ತುದಿಯ ಮೇಲೆ ಬಿದ್ದರೆ ಅಲ್ಲಿ ಚದರ ಸೆಂಟಿಮೀಟರಿಗೆ 30 ಕೆ.ಜಿ. ಒತ್ತಡ. ಐದು ಟನ್ನಿನ ಆನೆ 750 ಕೆ.ಜಿ.ಯ ಅಂಬಾರಿ ಹೊತ್ತು ಎರಡೇ ಪಾದಗಳ ಮೇಲೆ ಭಾರ ಬಿಟ್ಟಿತೆಂದು ಊಹಿಸಿಕೊಂಡರೂ, ಒಂದೊಂದು ಪಾದ ನಲವತ್ತು ಸೆಂಟಿಮೀಟರ್ ಅಗಲವಿರುವುದರಿಂದ, ಒತ್ತಡ ಎರಡೂವರೆ ಕೆ.ಜಿ. ದಾಟುವುದಿಲ್ಲ. ಜಂಬೂಸವಾರಿ ಸಾಗಿದ ರಸ್ತೆಯಲ್ಲಿ ಹಳ್ಳ ಬೀಳದಿದ್ದರೂ ಹೀಲ್ಸ್ ಹೋದ ದಾರಿಯಲ್ಲಿ ತೂತು ಬೀಳುವುದು ಹೀಗೆ.

ಹಾಗಾದರೆ ಸ್ನೀಕರ್ ಎಲ್ಲರ ಕಾಲಿಗೆ ಬಂದದ್ದು ಯಾವಾಗ?

ಒಂದೇ ವರ್ಷದಲ್ಲಿ ಬಂದದ್ದಲ್ಲ. ರಬ್ಬರ್ ಅಟ್ಟೆಯ ಬಟ್ಟೆ ಶೂ ಹಳೆಯದೇ. ಅಮೆರಿಕದ ಕೆಡ್ಸ್ ಎಂಬ ಅಂಥ ಶೂ ಮಾರುಕಟ್ಟೆಗೆ ಬಂದದ್ದು 1916ರಲ್ಲಿ. ಸ್ವಾರಸ್ಯವೆಂದರೆ ಡಿಸ್ನಿಲ್ಯಾಂಡ್ ಇರುವ ಅನಹೈಮ್ ಪಟ್ಟಣದಲ್ಲೇ 1966ರ ಮಾರ್ಚ್ 16ರಂದು ವ್ಯಾನ್ ಡೋರೆನ್ ಸಹೋದರರು ಪಾಲುದಾರರೊಂದಿಗೆ ತಮ್ಮ ಶೂ ಅಂಗಡಿ ತೆರೆದರು. ದಪ್ಪ ರಬ್ಬರಿನ, ನೆಲ ಕಚ್ಚಿ ಹಿಡಿಯುವ ಅಟ್ಟೆಯ ಆ ಶೂಗಳೇ ಮುಂದೆ ವ್ಯಾನ್ಸ್ ಎಂದು ಹೆಸರಾದವು, ಸ್ಕೇಟ್‌ಬೋರ್ಡ್ ಹುಡುಗರ ಗುರುತಾದವು.

1970ರ ದಶಕದಲ್ಲಿ ಜಾಗಿಂಗಿನ ಅಲೆ ಎದ್ದಿತು. ಓಟದ ತರಬೇತುದಾರ ಬಿಲ್ ಬೋವರ್‌ಮನ್ ಮನೆಯಲ್ಲಿ ವಾಫಲ್ ಎಂಬ ಚೌಕಳಿ ತಿಂಡಿ ಮಾಡುವ ಕಾವಲಿಯಲ್ಲಿ ರಬ್ಬರ್ ಎರೆದು ನೋಡಿದ ಪ್ರಯೋಗದಿಂದ ಹುಟ್ಟಿದ ಅಟ್ಟೆಯ ನೈಕಿ ವಾಫಲ್ ಟ್ರೇನರ್ 1974ರಲ್ಲಿ ಹೊರಬಂತು. ಅದೇ ದಶಕದಲ್ಲಿ ಶೂವಿನ ನಡುಪದರಕ್ಕೆ ಹಗುರವಾದ ನೊರೆ ಪ್ಲಾಸ್ಟಿಕ್ ಸೇರಿತು. 1980ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ಬಸ್ಸು ಮೆಟ್ರೋ ನೌಕರರು 11 ದಿನ ಮುಷ್ಕರ ಹೂಡಿದಾಗ ಕಚೇರಿಯ ಹೆಂಗಸರು ಹೀಲ್ಸನ್ನು ಚೀಲದಲ್ಲಿಟ್ಟು ಸ್ನೀಕರ್ ತೊಟ್ಟು ನಡೆದರು, ಮುಷ್ಕರ ಮುಗಿದ ಮೇಲೂ ಹಲವರು ಆ ಅಭ್ಯಾಸ ಬಿಡಲಿಲ್ಲ. 1982ರಲ್ಲಿ ಹೆಂಗಸರ ಏರೋಬಿಕ್ಸ್‌ಗೆಂದೇ ರೀಬಾಕ್ ಫ್ರೀಸ್ಟೈಲ್ ಬಂತು.

ಪಾರ್ಕುಗಳು ತಾವೇ ಹಿಗ್ಗಿದ್ದೂ ಒಂದು ಕಾರಣವೆಂಬುದು ನನ್ನ ಅಭಿಪ್ರಾಯ. 1971ರಲ್ಲಿ ಫ್ಲಾರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್ ತೆರೆಯಿತು. 1982ರಲ್ಲಿ ಅಲ್ಲಿಯೇ ತೆರೆದ ಎಪ್‌ಕಾಟ್ ಪಾರ್ಕಿನಲ್ಲಿ ಬೇರೆ ಬೇರೆ ದೇಶಗಳ ಮಂಟಪಗಳಿರುವ ಕೆರೆಯನ್ನು ಒಂದು ಸುತ್ತು ಬರುವುದೇ ಸುಮಾರು ಎರಡು ಕಿಲೋಮೀಟರ್. ಆ ಸುತ್ತನ್ನು ಹೀಲ್ಸಿನಲ್ಲಿ ಹಾಕಿದವರು ಎರಡನೆಯ ಸಲ ಹಾಗೆ ಬಂದಿರಲಾರರು.

ಕ್ರಾಕ್ಸ್ ನೋಡಿ ನಗುತ್ತಿದ್ದವರೇ ಈಗ ಹಾಕುತ್ತಾರೆ. ಅದರಲ್ಲಿ ಅಂಥದ್ದೇನಿದೆ?

ಹಗುರ, ತೊಳೆದರೆ ಕ್ಷಣದಲ್ಲಿ ಒಣಗುವ ಗುಣ, ಬೆರಳುಗಳಿಗೆ ಧಾರಾಳವಾದ ಜಾಗ, ಇಷ್ಟೇ. 2002ರಲ್ಲಿ ಅಮೆರಿಕದ ಕೊಲರಾಡೋದಲ್ಲಿ ದೋಣಿ ನಡೆಸುವವರಿಗೆಂದು ಆರಂಭವಾದ ಈ ರಂಧ್ರದ ಪಾದರಕ್ಷೆಯನ್ನು ಫ್ಯಾಷನ್ ಬಲ್ಲವರು ಬಹುಕಾಲ ಗೇಲಿ ಮಾಡಿದರು. 2005ರಲ್ಲಿ ಅದೇ ಕೊಲರಾಡೋದ ಗೃಹಿಣಿಯೊಬ್ಬರು ರಂಧ್ರಗಳಿಗೆ ಸಿಕ್ಕಿಸುವ ಪುಟ್ಟ ಬಿಲ್ಲೆಗಳನ್ನು ಮಾಡತೊಡಗಿದ ಮೇಲೆ ಮಕ್ಕಳಿಗೆ ಅದು ಆಟಿಕೆಯೂ ಆಯಿತು. ಕೊರೊನಾ ಕಾಲದಲ್ಲಿ ಮನೆಯೊಳಗೆ ಅಭ್ಯಾಸವಾದದ್ದು ಆಮೇಲೆ ಬೀದಿಗೂ ಬಂತು.

ಪಾರ್ಕಿಗೆ ಹಾಕಬಹುದು, ಹಿಂಬದಿಯ ಪಟ್ಟಿಯನ್ನು ಹಿಮ್ಮಡಿಗೆ ಎಳೆದುಕೊಂಡರೆ ಮಾತ್ರ. ಇಂಥ ಮೆತ್ತನೆಯ ಪಾದರಕ್ಷೆ ಎಸ್ಕಲೇಟರಿನ ಅಂಚಿಗೆ ಸಿಕ್ಕಿಕೊಳ್ಳುವ ಅಪಾಯವಿದೆಯೆಂದು ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ 2008ರಲ್ಲಿ ಎಚ್ಚರಿಸಿತ್ತು. ಮಕ್ಕಳ ಕೈ ಹಿಡಿದು ಮೆಟ್ಟಿಲಿನ ನಡುವೆ ನಿಲ್ಲಿಸಿಕೊಳ್ಳಿ.

ಈಗಿನ ದಪ್ಪ ಅಟ್ಟೆಯ ಶೂಗಳು ಶೋಕಿಯೋ, ನಿಜವಾಗಿಯೂ ಆರಾಮವೋ?

ಎರಡೂ ಇವೆ, ಬೇರೆ ಬೇರೆ ಮನೆಯಿಂದ ಬಂದವು. 2009ರಲ್ಲಿ ಫ್ರಾನ್ಸಿನ ಇಬ್ಬರು ಗುಡ್ಡದ ಓಟಗಾರರು ಇಳಿಜಾರಿನಲ್ಲಿ ಕಾಲಿಗೆ ಬೀಳುವ ಪೆಟ್ಟು ತಗ್ಗಿಸಲೆಂದು ಹೋಕಾ ಶೂ ಆರಂಭಿಸಿದರು. 2017ರಲ್ಲಿ ಬಾಲೆನ್ಸಿಯಾಗಾ ಎಂಬ ಫ್ಯಾಷನ್ ಕಂಪನಿಯ ಟ್ರಿಪಲ್ ಎಸ್ ಶೂ ಬಂದಾಗ 'ಅಪ್ಪನ ಶೂ' ಎಂದು ಹಾಸ್ಯಕ್ಕೆ ಗುರಿಯಾಗಿದ್ದ ದಪ್ಪ ಶೂವೇ ದುಬಾರಿ ಫ್ಯಾಷನ್ ಆಯಿತು. ನೋಡುವುದಕ್ಕೆ ಒಂದೇ ಕುಲದವಾದರೂ ಮೊದಲನೆಯದು ಹಗುರ, ಎರಡನೆಯದು ಇಟ್ಟಿಗೆಯ ಭಾರ. ಕೈಯಲ್ಲಿ ಎತ್ತಿ ನೋಡದೆ ಕೊಳ್ಳಬೇಡಿ.

ಮೆತ್ತಗಿರುವುದೆಲ್ಲ ಆರಾಮವೆಂಬ ನಂಬಿಕೆಯೊಂದಿದೆ. ಅದಕ್ಕೆ ಅಂಗಡಿಯಲ್ಲಿ ಹತ್ತು ಹೆಜ್ಜೆ ನಡೆದು ತೀರ್ಮಾನಿಸುವ ನಮ್ಮ ಅಭ್ಯಾಸವೇ ಕಾರಣ. ಬಹಳ ಮೆತ್ತನೆಯ ಅಟ್ಟೆಯಲ್ಲಿ ಪಾದ ಆಚೀಚೆ ವಾಲುತ್ತದೆ. ಅದನ್ನು ನೇರವಾಗಿ ಹಿಡಿಯುವ ಕೆಲಸ ಹರಡಿನ ಸ್ನಾಯುಗಳ ಮೇಲೆ ಬೀಳುತ್ತದೆ. ಶೂವನ್ನು ಎರಡೂ ಕೈಯಲ್ಲಿ ಹಿಡಿದು ಬಟ್ಟೆ ಹಿಂಡುವಂತೆ ತಿರುಚಿ: ಸುಲಭವಾಗಿ ತಿರುಚಿಕೊಂಡರೆ ಬಿಡಿ. ಮಡಚಿದಾಗ ಬೆರಳುಗಳ ಬುಡದಲ್ಲಿ ಬಾಗಬೇಕು, ನಟ್ಟನಡುವೆ ಬಾಗಬಾರದು.

ಇಡೀ ಕುಟುಂಬ ಒಂದೇ ಥರದ ಶೂ ಹಾಕಿಕೊಂಡು ಬರುವುದು ಯಾವ ಹುಚ್ಚು?

ನಿರಪಾಯದ ಹುಚ್ಚು. ಅಮೆರಿಕದ ಡಿಸ್ನಿ ಪಾರ್ಕುಗಳಲ್ಲಿ 14 ವರ್ಷ ಮೇಲ್ಪಟ್ಟವರು ಸಾಮಾನ್ಯ ದಿನಗಳಲ್ಲಿ ಪಾತ್ರಗಳ ವೇಷ ತೊಟ್ಟು ಬರುವಂತಿಲ್ಲವಾದ್ದರಿಂದ, ದೊಡ್ಡವರ ಉತ್ಸಾಹವೆಲ್ಲ ಬಣ್ಣದ ಹೊಂದಾಣಿಕೆ, ಚೀಲ, ಶೂಗಳ ಕಡೆಗೆ ಹರಿದಿದೆ. 2015ರಲ್ಲಿ ವ್ಯಾನ್ಸ್ ಕೂಡ ಡಿಸ್ನಿ ಪಾತ್ರಗಳ ಚಿತ್ರವಿರುವ ಶೂಗಳನ್ನು ತಂದಿತ್ತು. ತೆಳ್ಳನೆಯ ಅಟ್ಟೆಯ ಕ್ಯಾನ್‌ವಾಸ್ ಶೂ ಇಡೀ ದಿನಕ್ಕೆ ಸಾಲದು, ಒಳಗೊಂದು ಒಳ್ಳೆಯ ಹಾಸು ಹಾಕಿಕೊಳ್ಳಿ.

## ಸವಾರಿ ಮತ್ತು ನಿಯಮ

ಕಾಲು ನೋವಾದರೆ ಚಪ್ಪಲಿ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ನಡೆಯಬಹುದಾ?

ಇಲ್ಲ. ಡಿಸ್ನಿಲ್ಯಾಂಡಿನ ನಿಯಮದಂತೆ ಮೇಲಂಗಿಯೂ ಪಾದರಕ್ಷೆಯೂ ಎಲ್ಲ ಹೊತ್ತೂ ಮೈಮೇಲಿರಬೇಕು. ಹಿಮ್ಮಡಿಯಲ್ಲಿ ಚಕ್ರವಿರುವ ಶೂಗಳಿಗೂ ಪ್ರವೇಶವಿಲ್ಲ. 2000ದಲ್ಲಿ ಹೀಲೀಸ್ ಎಂಬ ಹೆಸರಿನಲ್ಲಿ ಬಂದು ಮಕ್ಕಳಿಗೆ ಮರುಳು ಹಿಡಿಸಿದ್ದ ಶೂ ಅದು. ನಿಯಮವಿಲ್ಲದಿದ್ದರೂ ಬರಿಗಾಲು ಬೇಡ, ಬೇಸಿಗೆಯ ಡಾಂಬರು ಸುತ್ತಲಿನ ಗಾಳಿಗಿಂತ ಎಷ್ಟೋ ಬಿಸಿಯಾಗಿರುತ್ತದೆ.

ಕಾಲು ಜೋತುಬೀಳುವ ಸವಾರಿಗಳಲ್ಲಿ ಚಪ್ಪಲಿ ಬಿದ್ದುಹೋದರೆ?

ಬಿದ್ದದ್ದು ನಿಮ್ಮ ಚಪ್ಪಲಿ, ತಗಲುವುದು ಕೆಳಗಿರುವವರ ತಲೆಗೆ. ಡಿಸ್ನಿ ಕ್ಯಾಲಿಫೋರ್ನಿಯಾ ಅಡ್ವೆಂಚರ್ ಪಾರ್ಕಿನಲ್ಲಿ 2001ರಿಂದ ಇರುವ ಸೋರಿನ್ ಸವಾರಿಯಲ್ಲಿ ಆಸನಗಳ ಸಾಲುಗಳು ಒಂದರ ಮೇಲೊಂದರಂತೆ ಗಾಳಿಯಲ್ಲಿ ತೂಗುತ್ತವೆ. ಕೆಳಸಾಲಿನಲ್ಲಿ ಕುಳಿತವರಿಗೆ ಪರದೆಯ ಮೇಲಿನ ಆಕಾಶದ ಜೊತೆ ಮೇಲಿನವರ ಅಟ್ಟೆಗಳೂ ದರ್ಶನ ಕೊಡುತ್ತವೆ. ಅದು ನಿಧಾನದ ಸವಾರಿ. ಆದರೆ 1992ರಲ್ಲಿ ಸಿಕ್ಸ್ ಫ್ಲ್ಯಾಗ್ಸ್ ಗ್ರೇಟ್ ಅಮೆರಿಕ ಎಂಬ ಪಾರ್ಕಿನಲ್ಲಿ ಬ್ಯಾಟ್‌ಮನ್ ಸವಾರಿಯೊಂದಿಗೆ ಆರಂಭವಾದ, ಹಳಿಯ ಕೆಳಗೆ ನೇತಾಡುತ್ತ ಸುರುಳಿ ಹೊಡೆಯುವ ರೋಲರ್ ಕೋಸ್ಟರುಗಳಲ್ಲಿ ಹಿಂಪಟ್ಟಿಯಿಲ್ಲದ ಚಪ್ಪಲಿ ಕಲ್ಲು ಬೀಸಿದಂತೆ ಹಾರುತ್ತದೆ. ಸಿಬ್ಬಂದಿ ಒಪ್ಪಿದರೆ ಹತ್ತುವ ಕಟ್ಟೆಯ ಮೇಲೆ ಕಳಚಿಡಿ.

ಮಗಳು ಎತ್ತರದಲ್ಲಿ ಎರಡು ಸೆಂಟಿಮೀಟರ್ ಕಡಿಮೆ. ದಪ್ಪ ಅಟ್ಟೆಯ ಶೂ ಹಾಕಿಸಿದರೆ ನಡೆಯುತ್ತದೆಯೇ?

ಕೇಳುವವರು ನಗುತ್ತಲೇ ಕೇಳುತ್ತಾರೆ, ನಾನು ನಗದೆ ಉತ್ತರಿಸುತ್ತೇನೆ: ಬೇಡ. ಡಿಸ್ನಿಯ ಮ್ಯಾಟರ್‌ಹಾರ್ನ್ ಸವಾರಿಗೆ ಕನಿಷ್ಠ ಎತ್ತರ 107 ಸೆಂ.ಮೀ., ಇನ್‌ಕ್ರೆಡಿಕೋಸ್ಟರ್ ಸವಾರಿಗೆ 122 ಸೆಂ.ಮೀ. ಎಂದು ಗೊತ್ತುಮಾಡಿರುವುದು ಮಗುವಿನ ತೊಡೆ, ಸೊಂಟ, ಭುಜಗಳಿಗೆ ಅಡ್ಡಪಟ್ಟಿ ಸರಿಯಾಗಿ ಕೂರಬೇಕೆಂಬ ಕಾರಣಕ್ಕೆ. ಶೂ ಎತ್ತರವಾದರೆ ಸೊಂಟ ದಪ್ಪವಾಗುವುದಿಲ್ಲ. ಅನುಮಾನ ಬಂದರೆ ಸಿಬ್ಬಂದಿ ಶೂ ತೆಗೆಸಿಯೂ ಅಳೆಯುತ್ತಾರೆ, ಆಗ ಸಾಲಿನಲ್ಲಿ ಎಲ್ಲರೆದುರು ಅಳುವುದು ಮಗು.

ವಂಡರ್‌ಲಾದಲ್ಲಿ ನೀರಾಟವೂ ಇದೆ, ಒಣ ಸವಾರಿಯೂ ಇದೆ. ಕಾಲಿಗೆ ಏನು?

2005ರಲ್ಲಿ ಬಿಡದಿಯ ಬಳಿ, ಮೈಸೂರು ರಸ್ತೆಯಲ್ಲಿ ತೆರೆದ ಈ ಪಾರ್ಕು 82 ಎಕರೆಯಷ್ಟು ದೊಡ್ಡದು. ನೀರಿನ ಜಾರುಬಂಡೆಗಳಿಗೆ ಮತ್ತೆ ಮತ್ತೆ ಮೆಟ್ಟಿಲು ಹತ್ತುವುದೂ ಸೇರಿದರೆ ಕಾಲಿಗೆ ಸಾಕಷ್ಟು ಕೆಲಸ. ಒಣ ಸವಾರಿಗಳನ್ನೆಲ್ಲ ಮೊದಲು ಮುಗಿಸಿ, ಶೂವನ್ನೂ ಕಾಲುಚೀಲವನ್ನೂ ಲಾಕರಿನಲ್ಲಿಟ್ಟು ನಂತರ ನೀರಿಗಿಳಿಯುವುದು ಸರಿಯಾದ ಕ್ರಮ. ಅದನ್ನು ತಿರುವುಮುರುವು ಮಾಡಿದರೆ ನೆನೆದು ಮೆತ್ತಗಾದ ಚರ್ಮದ ಮೇಲೆ ಶೂ ಉಜ್ಜಿ ಬೊಬ್ಬೆ ಏಳುವುದು ಖಚಿತ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಕೊಳದಿಂದ ಕೊಳಕ್ಕೆ ಹೋಗುವ ಕಾಂಕ್ರೀಟ್ ದಾರಿ ಕಾದಿರುತ್ತದೆ, ಅಲ್ಲಿ ಹವಾಯಿ ಚಪ್ಪಲಿಯೇ ಗೆಳೆಯ. ಹೊರಡುವಾಗ ಬೆರಳುಗಳ ಸಂದಿಯನ್ನು ಪೂರ್ತಿ ಒರೆಸಿ ಒಣಗಿದ ಕಾಲುಚೀಲ ಹಾಕಿಕೊಳ್ಳಿ, ಇಲ್ಲದಿದ್ದರೆ ವಾರದೊಳಗೆ ಕೆಸರುಹುಣ್ಣಿನ ತುರಿಕೆ ಶುರುವಾಗಬಹುದು.

## ಸ್ವಲ್ಪ ಆಳದ ಪ್ರಶ್ನೆಗಳು

ನಡೆಯುವಾಗ ಸರಿ ಇರುತ್ತೇನೆ, ಕ್ಯೂನಲ್ಲಿ ನಿಂತರೆ ಕಾಲು ಸಿಡಿಯುತ್ತದೆ. ಹೀಗೇಕೆ?

ನಡೆಯುವಾಗ ಮೀನಖಂಡದ ಸ್ನಾಯು ಪ್ರತಿ ಹೆಜ್ಜೆಗೂ ಹಿಂಡಿ ಕಾಲಿನ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ನಿಂತಾಗ ಆ ಪಂಪು ನಿಲ್ಲುತ್ತದೆ, ರಕ್ತ ಕೆಳಗೇ ತಂಗುತ್ತದೆ, ನೀರಿನಂಶ ಊತಕಗಳಿಗೆ ಇಳಿದು ಪಾದ ಊದಿಕೊಳ್ಳುತ್ತದೆ. ಅದರ ಮೇಲೆ, ನಡೆಯುವಾಗ ಹಿಮ್ಮಡಿಗೂ ಮುಂಗಾಲಿಗೂ ಸರದಿಯಂತೆ ಹಂಚಿಹೋಗುವ ಭಾರ ನಿಂತಾಗ ಒಂದೇ ಜಾಗಕ್ಕೆ ಒತ್ತುತ್ತಲೇ ಇರುತ್ತದೆ. ಪಾರ್ಕಿನ ದಿನದ ನಿಜವಾದ ವೈರಿ ದೂರವಲ್ಲ, ಈ ಸಾಲು. ಶೂ ಆರಿಸುವಾಗ ಇದನ್ನು ನೆನಪಿಟ್ಟುಕೊಳ್ಳಬೇಕು: ಓಟಕ್ಕೆ ಹೇಳಿ ಮಾಡಿಸಿದ, ಮುಂದಕ್ಕೆ ತಳ್ಳುವ ಶೂ ನಿಲ್ಲುವುದಕ್ಕೆ ಹಿತವಾಗಿರಲೇಬೇಕೆಂದಿಲ್ಲ. ಸಾಲಿನಲ್ಲಿ ನಿಂತಿರುವಾಗ ಹಿಮ್ಮಡಿಯೆತ್ತಿ ಇಳಿಸುವುದನ್ನು ಇಪ್ಪತ್ತು ಸಲ ಮಾಡಿ, ಕಂಬಿಯಿದ್ದರೆ ಒಂದೊಂದೇ ಕಾಲನ್ನು ಅದರ ಮೇಲಿಡಿ, ಮಧ್ಯಾಹ್ನ ಲೇಸನ್ನು ಪೂರ್ತಿ ಬಿಚ್ಚಿ ಹೊಸದಾಗಿ ಸಡಿಲವಾಗಿ ಕಟ್ಟಿ.

ಬೊಬ್ಬೆ ಏಳದಂತೆ ಏನು ಮಾಡಬೇಕು? ಎದ್ದರೆ ಒಡೆಯಬಹುದಾ?

ಬರಿಯ ಮೇಲ್ಮೈ ಉಜ್ಜಿದ್ದಕ್ಕೆ ಬೊಬ್ಬೆ ಬರುವುದಿಲ್ಲ. ಬೆವರಿಗೆ ಚರ್ಮ ಕಾಲುಚೀಲಕ್ಕೆ ಅಂಟಿಕೊಂಡಾಗ ಒಳಗಿನ ಮೂಳೆ ಒಂದು ಕಡೆಗೂ ಹೊರಗಿನ ಚರ್ಮ ಇನ್ನೊಂದು ಕಡೆಗೂ ಎಳೆಯುತ್ತವೆ. ನಡುವಿನ ಪದರ ಹರಿದು ಅಲ್ಲಿ ನೀರು ತುಂಬುತ್ತದೆ. ಆದ್ದರಿಂದ ತೇವ ಹಿಡಿದಿಟ್ಟುಕೊಳ್ಳುವ ಹತ್ತಿಯ ಕಾಲುಚೀಲಕ್ಕಿಂತ ತೆಳುವಾದ ಉಣ್ಣೆಯದೋ ಕ್ರೀಡೆಗೆಂದೇ ಮಾಡಿದ ಸಿಂಥೆಟಿಕ್ ನೂಲಿನದೋ ಮೇಲು. ಹತ್ತಿಯೇ ಆರೋಗ್ಯಕರವೆಂದು ನಂಬಿ ಬೆಳೆದ ನಮಗೆ ಇದನ್ನು ಒಪ್ಪಿಕೊಳ್ಳಲು ಸಮಯ ಬೇಕು. ಚರ್ಮ ಕೆಂಪಗಾಗಿ ಬಿಸಿಯೆನಿಸಿದ ಕ್ಷಣವೇ ನಿಂತು ಟೇಪು ಹಚ್ಚಿ, ಮುಂದಿನ ಸವಾರಿ ಮುಗಿಯಲಿ ಎಂದು ಕಾಯಬೇಡಿ.

ಎದ್ದ ಬೊಬ್ಬೆಯನ್ನು ಒಡೆಯದಿದ್ದರೆ ಒಳ್ಳೆಯದು, ಮೇಲಿನ ಚರ್ಮವೇ ಅದಕ್ಕೆ ಸ್ವಚ್ಛವಾದ ಮುಚ್ಚಳ. ಜೆಲ್ ತುಂಬಿದ ಬೊಬ್ಬೆಪಟ್ಟಿ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ತಾನಾಗಿ ಒಡೆದರೆ ತೊಳೆದು, ಚರ್ಮ ಕೀಳದೆ ಮುಚ್ಚಿಡಿ.

ಅಪ್ಪನಿಗೆ ಇಪ್ಪತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಕರೆದುಕೊಂಡು ಹೋಗಬಹುದಾ?

ಹೋಗಬಹುದು, ಹೊರಡುವ ಮುನ್ನ ವೈದ್ಯರಿಂದ ಪಾದದ ಸ್ಪರ್ಶಜ್ಞಾನ ಪರೀಕ್ಷೆ ಮಾಡಿಸಿಕೊಂಡು. ದೀರ್ಘಕಾಲದ ಮಧುಮೇಹದಲ್ಲಿ ನರಗಳು ಮಂದವಾಗಿ, ಶೂವಿನೊಳಗೆ ಕಲ್ಲು ಸೇರಿದ್ದರೂ ಬೊಬ್ಬೆ ಎದ್ದಿದ್ದರೂ ಗೊತ್ತಾಗದೆ ಹೋಗಬಹುದು. ನೋವಿಲ್ಲವೆಂದರೆ ಗಾಯವಿಲ್ಲವೆಂದು ಅರ್ಥವಲ್ಲ. ಬಿಳಿಯ ಕಾಲುಚೀಲ ಹಾಕಿಸಿ, ರಕ್ತವೋ ಕೀವೋ ತಗಲಿದರೆ ಕಣ್ಣಿಗೆ ಬೀಳುತ್ತದೆ. ಶೂ ತೊಡುವ ಮೊದಲು ಒಳಗೆ ಕೈಯಾಡಿಸಿ ನೋಡಿ. ಎರಡು ಗಂಟೆಗೊಮ್ಮೆ ಕೂರಿಸಿ, ಶೂ ಬಿಚ್ಚಿಸಿ, ಅಂಗಾಲು ಮತ್ತು ಬೆರಳ ಸಂದಿಗಳನ್ನು ನೀವೇ ನೋಡಿ. ಮಕ್ಕಳು ತಮ್ಮ ಕಾಲು ಮುಟ್ಟಿ ನೋಡುವುದಕ್ಕೆ ಹಿರಿಯರು ಸಂಕೋಚಪಡುತ್ತಾರೆ, ನಮಸ್ಕಾರಕ್ಕೆ ಎಂದುಕೊಳ್ಳಲಿ. ನೀರಿನ ಪಾರ್ಕಿನಲ್ಲೂ ಅವರು ಬರಿಗಾಲಲ್ಲಿ ನಡೆಯಕೂಡದು. ಗಾಲಿಕುರ್ಚಿ ಬಾಡಿಗೆಗೆ ಸಿಗುತ್ತದೆ, ಬೆಳಿಗ್ಗೆಯೇ ತೆಗೆದುಕೊಳ್ಳಿ.

ಊರಿನಲ್ಲಿ ನನ್ನ ಅಳತೆ 7. ಇಲ್ಲಿ 8 ಅಂತಾರೆ, ಹೆಂಡತಿಯ 5 ಇಲ್ಲಿ 7 ಅಂತೆ. ಯಾವುದನ್ನು ನಂಬಲಿ?

ಭಾರತದಲ್ಲಿ ಬಹುತೇಕ ಬ್ರಿಟಿಷ್ ಅಳತೆ ನಡೆಯುತ್ತದೆ. ಅಮೆರಿಕದ ಅಳತೆ ಗಂಡಸರಿಗೆ ಅದಕ್ಕಿಂತ ಸುಮಾರು ಒಂದು, ಹೆಂಗಸರಿಗೆ ಸುಮಾರು ಎರಡು ಹೆಚ್ಚು. ಕಂಪನಿಯಿಂದ ಕಂಪನಿಗೆ ಅದೂ ಏರುಪೇರಾಗುವುದರಿಂದ ಸೆಂಟಿಮೀಟರನ್ನೇ ನಂಬಿ. ಪಾದ ಊದಿಕೊಂಡಿರುವ ಸಂಜೆಯ ಹೊತ್ತಿನಲ್ಲಿ ವೃತ್ತಪತ್ರಿಕೆಯ ಮೇಲೆ ಪೂರ್ತಿ ಭಾರ ಬಿಟ್ಟು ನಿಂತು, ಇನ್ನೊಬ್ಬರಿಂದ ಪೆನ್ಸಿಲನ್ನು ನೆಟ್ಟಗೆ ಹಿಡಿಸಿ ಗೆರೆ ಎಳೆಸಿಕೊಳ್ಳಿ. ಎರಡೂ ಪಾದ ಅಳೆದು ದೊಡ್ಡದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಶೂ ತೊಟ್ಟಾಗ ಅತ್ಯಂತ ಉದ್ದದ ಬೆರಳಿನ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಉಳಿಯಬೇಕು, ಹಿಮ್ಮಡಿ ಮೇಲೇಳಬಾರದು.

ಪೆನ್ಸಿಲ್ ನೆಟ್ಟಗಿರಲಿ ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಮ್ಮ ತಂದೆಯವರು ಹಾಗೆ ಗೆರೆ ಎಳೆದು ಫೋಟೋ ಕಳಿಸಿದಾಗ ದಪ್ಪ ಸ್ಕೆಚ್ ಪೆನ್ನನ್ನು ಹೊರಕ್ಕೆ ವಾಲಿಸಿ ಹಿಡಿದಿದ್ದರು. ನಾನು ಕೊಂಡ ಶೂ ಒಂದೂವರೆ ಅಳತೆ ದೊಡ್ಡದಾಗಿ, ಪಾರ್ಕಿನ ಮುನ್ನಾದಿನ ರಾತ್ರಿ ಒಂಬತ್ತಕ್ಕೆ ಅಂಗಡಿ ಮುಚ್ಚುವ ಮೊದಲು ಓಡಿಹೋಗಿ ಬದಲಾಯಿಸಿಕೊಂಡು ಬಂದೆ.